ಪದಚರ್ಚೆ: ‘ಸಮಕಾಲೀನ ಶಾಸ್ತ್ರೀಯ ಸಂಗೀತ’ ಅಂದರೆ ಯಾವ ಸಂಗೀತ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಒಂದು ಕಾಲೇಜಿನ ಹುಡುಗಿಯರು ಸೇರಿ ಸಂಗೀತದ ಕೂಟ ಕಟ್ಟಿಕೊಂಡಿದ್ದಾರೆ. ಪಿಟೀಲು, ಚೆಲ್ಲೊ, ಪಿಯಾನೊ ಕಲಿಯುತ್ತಿರುವವರು. ಇಂಗ್ಲಿಷಿನಲ್ಲಿ ‘ಕಾಂಟೆಂಪೊರರಿ ಕ್ಲಾಸಿಕಲ್’ ಅನ್ನುತ್ತಾರಲ್ಲ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯಲ್ಲಿ ಈ ಕಾಲದವರು ಬರೆದ ಹೊಸ ಸಂಗೀತ, ಅದನ್ನು ಊರಿಗೆ ಪರಿಚಯಿಸಬೇಕು ಅನ್ನೋದು ಅವರ ಆಸೆ. ಅದರಲ್ಲೂ ಹೆಂಗಸರು ಬರೆದ ಕೃತಿಗಳನ್ನೇ ಜಾಸ್ತಿ ನುಡಿಸುತ್ತಾರಂತೆ. ಕರಪತ್ರದ ಕನ್ನಡ ನನ್ನ ಪಾಲಿಗೆ ಬಂದಿದೆ. ಮೂರು ಪದಗಳು ಕಾಡುತ್ತಿವೆ, ನಿಮ್ಮ ಸಲಹೆ ಬೇಕು.

ಮೊದಲನೆಯದು ತಲೆಬರಹವೇ. ‘ಸಮಕಾಲೀನ ಶಾಸ್ತ್ರೀಯ ಸಂಗೀತ’ ಅಂತ ಬರೆದ ಕರಡನ್ನು ಪಕ್ಕದ ಮನೆಯ ಹಿರಿಯರಿಗೆ ತೋರಿಸಿದೆ. ಅವರು ಕೇಳಿದ್ದು, “ಹಾಡೋರು ಯಾರು? ಮೃದಂಗಕ್ಕೆ ಯಾರು ಬರ್ತಾರೆ?” ಅವರ ತಪ್ಪೇನಿಲ್ಲ. ಮೈಸೂರಿನಲ್ಲಿ ಶಾಸ್ತ್ರೀಯ ಸಂಗೀತ ಅಂದರೆ ಕರ್ನಾಟಕ ಸಂಗೀತ, ತಪ್ಪಿದರೆ ಹಿಂದೂಸ್ತಾನಿ. ‘ಪಾಶ್ಚಾತ್ಯ’ ಅಂತ ಮುಂದೆ ಸೇರಿಸಿದರೆ ಇನ್ನೊಂದು ತೊಡಕು. ಅದನ್ನು ಓದಿದವರಿಗೆ ಯುವ ದಸರಾದ ಗಿಟಾರು, ಡ್ರಮ್ಮು ನೆನಪಾಗುತ್ತದೆ.

‘ಶಾಸ್ತ್ರೀಯ’ ಅನ್ನೋ ಪದವೇ ಈ ಸಂಗೀತಕ್ಕೆ ಸ್ವಲ್ಪ ಬಿಗಿ. ಶಾಸ್ತ್ರ ಅಂದಮೇಲೆ ಲಕ್ಷಣ, ನಿಯಮ, ಹೀಗೇ ಇರಬೇಕು ಅನ್ನೋ ಕಟ್ಟು. ಇವರು ಅಭ್ಯಾಸ ಮಾಡೋದನ್ನು ನೋಡಲು ಹೋಗಿದ್ದೆ. ಒಬ್ಬ ಹುಡುಗಿ ಪಿಟೀಲಿನ ಕಮಾನನ್ನು ತಿರುಗಿಸಿ ಹಿಡಿದು, ಕೂದಲನ್ನು ಮೇಲೆ ಮಾಡಿ, ಮರದ ಕಡ್ಡಿಯಿಂದ ತಂತಿಯನ್ನು ಟಕಟಕ ಬಡಿಯುತ್ತಿದ್ದಳು. ಸ್ವರ ಅರ್ಧ, ಸದ್ದು ಅರ್ಧ. ಬಾಯಿತಪ್ಪಿನಿಂದ “ಕಮಾನು ಹಾಳಾಗಲ್ವಾ?” ಅಂದೆ. “ಹಾಗೇ ಬಡೀಬೇಕು ಅಂತ ಬರೆದಿದೆ ನೋಡಿ” ಅಂತ ಹಾಳೆ ತೋರಿಸಿದಳು. ಬರೆದಿತ್ತು, ಇಟಾಲಿಯನ್ ಭಾಷೆಯಲ್ಲಿ. ಅಮೆರಿಕದ ಜಾನ್ ಕೇಜ್ 1940ರ ಸುಮಾರಿನಲ್ಲೇ ಪಿಯಾನೊದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು ಸಿಕ್ಕಿಸಿ ನುಡಿಸುವಂತೆ ಬರೆದ. ಇದಕ್ಕೆಲ್ಲ ಶಾಸ್ತ್ರೀಯ ಅನ್ನೋದು ಸುಮ್ನೆ ಶಾಸ್ತ್ರಕ್ಕೆ ಅಂದ ಹಾಗೆ.

ಇಂಗ್ಲಿಷಿನವರಿಗೂ ಈ ತೊಡಕು ಇಲ್ಲದೆ ಇಲ್ಲ. ಅವರ ಸಂಗೀತದ ಚರಿತ್ರೆಯಲ್ಲಿ ‘ಕ್ಲಾಸಿಕಲ್’ ಅಂದರೆ ಸುಮಾರು 1750ರಿಂದ 1820ರವರೆಗಿನ ಹೈಡನ್, ಮೊಜಾರ್ಟ್ ಕಾಲ. ಆದರೂ ಜನ ಅದನ್ನು ಇಡೀ ಪರಂಪರೆಗೆ ಬಳಸುತ್ತಾರೆ.

ಇನ್ನು ‘ಸಮಕಾಲೀನ’. ಕನ್ನಡದಲ್ಲಿ ಇದನ್ನು ಬಳಸುವಾಗ ಯಾರಿಗೆ ಸಮಕಾಲೀನ ಅನ್ನೋದು ಜೊತೆಗೇ ಬರಬೇಕು. ಪುರಂದರದಾಸರ ಸಮಕಾಲೀನರು ಕನಕದಾಸರು ಅಂದರೆ ಕಿವಿಗೆ ಹಿತ. ಬರೀ ‘ಸಮಕಾಲೀನ ಸಂಗೀತ’ ಅಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯ ವಾಸನೆ. ‘ಆಧುನಿಕ’ ಅನ್ನೋಣ ಅಂದರೆ ಅಲ್ಲಿಯ ‘ಮಾಡರ್ನ್’ ಕಳೆದ ಶತಮಾನದ ಮೊದಲ ಭಾಗಕ್ಕೆ ಅಂಟಿಕೊಂಡಿದೆ. ‘ನವ್ಯ’ ಅಂದರೆ ನಮ್ಮ ಓದುಗರು ನೇರವಾಗಿ ಗೋಪಾಲಕೃಷ್ಣ ಅಡಿಗರ ಕಾವ್ಯಕ್ಕೆ ಹೋಗುತ್ತಾರೆ. ಆ ನವ್ಯವೂ ಈಗ ಹಳತು.

ಮೈಸೂರಿನವರಿಗೆ ಈ ಗೊಂದಲವನ್ನು ತಿಳಿಸಲು ಜಯಚಾಮರಾಜ ಒಡೆಯರೇ ಸಾಕು. ಜರ್ಮನಿಯ ಹೆಸರಾಂತ ಕಂಪೋಸರ್ ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡರು. ಅವರು ಕೊನೆಯಲ್ಲಿ ಬರೆದ ನಾಲ್ಕು ಹಾಡುಗಳನ್ನು ಮೊದಲ ಬಾರಿಗೆ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ಕಛೇರಿಗೆ ಹಣದ ಆಸರೆ ಕೊಟ್ಟವರು ನಮ್ಮ ಮಹಾರಾಜರು. ರಷ್ಯಾದ ನಿಕೊಲಾಯ್ ಮೆಟ್ನರ್ ಇನ್ನೂ ಬದುಕಿದ್ದಾಗಲೇ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಖರ್ಚು ಹಾಕಿದವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ಒಡೆಯರಿಗೆ ಅರ್ಪಿಸಿದ್ದಾರೆ. ಅದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನೂ ರಚಿಸಿದರು. ಅವತ್ತಿನ ಲೆಕ್ಕದಲ್ಲಿ ಎರಡೂ ಸಮಕಾಲೀನ, ಎರಡೂ ಶಾಸ್ತ್ರೀಯ. ನಮ್ಮ ತಲೆಬರಹದಿಂದ ಒಂದನ್ನು ಇನ್ನೊಂದರಿಂದ ಬೇರೆ ಮಾಡೋಕೆ ಆಗಲ್ಲ, ಅಲ್ವಾ? ಕರಪತ್ರದಲ್ಲಿ ಈ ವಿಷಯವನ್ನು ಹಾಕಲೇಬೇಕು ಅಂತ ಹುಡುಗಿಯರಿಗೆ ಹೇಳಿದ್ದೇನೆ. ಊರಿನವರಿಗೆ ಇದು ಎಲ್ಲಿಂದಲೋ ಬಂದ ಹುಚ್ಚು ಅನ್ನಿಸಬಾರದು ನೋಡಿ.

ಸದ್ಯಕ್ಕೆ ನಾನು ಬರೆದಿರೋದು ‘ಪಾಶ್ಚಾತ್ಯ ಕಲಾಸಂಗೀತ: ಈ ಕಾಲದ ಹೊಸ ಕೃತಿಗಳು’. ಉದ್ದ ಆಯಿತು. ಆದರೆ ‘ಹೊಸ ಕೃತಿ’ ಅನ್ನೋದು ಕಛೇರಿಗೆ ಹೋಗುವವರ ಬಾಯಲ್ಲಿ ಇರುವ ಮಾತು. ‘ಕಲಾಸಂಗೀತ’ದ ಬಗ್ಗೆ ನನಗೂ ಪೂರ್ತಿ ಸಮಾಧಾನ ಇಲ್ಲ. ಬೇರೆ ಸಂಗೀತದಲ್ಲಿ ಕಲೆ ಇಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಎರಡನೆಯದು ಕೂಟದ ಹೆಸರು. ‘ವಿಮೆನ್ಸ್ ಮ್ಯೂಸಿಕ್ ಸೊಸೈಟಿ’ ಅಂತ ಇಟ್ಟುಕೊಂಡಿದ್ದಾರೆ. ಸೊಸೈಟಿ ಅಂದರೆ ನಮ್ಮ ಮಂಡ್ಯದ ಕಡೆ ಹಾಲು ಹಾಕೋ ಜಾಗ, ಗೊಬ್ಬರಕ್ಕೆ ಸಾಲಾಗಿ ನಿಲ್ಲೋ ಜಾಗ. ‘ಸಭಾ’ ಅಂದರೆ ಹಿರಿಯರದ್ದು ಅನ್ನಿಸುತ್ತದೆ. ‘ಸಮಾಜ’ಕ್ಕೆ 1905ರ ಬೆಂಗಳೂರು ಗಾಯನ ಸಮಾಜದ ಬೆಂಬಲ ಇದೆ, ಆದರೆ ಇವತ್ತು ಆ ಪದ ಕೇಳಿದರೆ ಜಾತಿಯ ಸಂಘ ಅಂದುಕೊಳ್ಳುವವರೇ ಜಾಸ್ತಿ.

ಇಂಥ ಕೂಟಗಳು ಅಮೆರಿಕದಲ್ಲಿ ಹಳೆಯವು. 1903ರಲ್ಲೇ ಎರಡು ಹುಟ್ಟಿದವು, ಆನ್ ಆರ್ಬರ್‌ನಲ್ಲಿ ಸಿಗ್ಮಾ ಆಲ್ಫಾ ಅಯೋಟಾ, ಸಿನ್ಸಿನಾಟಿಯಲ್ಲಿ ಮ್ಯೂ ಫೈ ಎಪ್ಸಿಲಾನ್. ಎರಡೂ ಸಂಗೀತ ಕಲಿಯುವ ಹೆಣ್ಣುಮಕ್ಕಳಿಗಾಗಿ ಶುರುವಾದವು. ಅದರಲ್ಲಿ ಸಿಗ್ಮಾ ಆಲ್ಫಾ ಅಯೋಟಾದವರು ತಮ್ಮನ್ನು ಕರೆದುಕೊಂಡದ್ದು ‘ಫ್ರೆಟರ್ನಿಟಿ’ ಅಂತ. ಲ್ಯಾಟಿನ್ನಿನ ‘ಫ್ರಾಟರ್’ ಅಂದರೆ ಅಣ್ಣ ತಮ್ಮ, ನಮ್ಮ ‘ಭ್ರಾತೃ’ವಿನ ನಂಟ. ಅಕ್ಕತಂಗಿಯರ ಕೂಟ ಅನ್ನೋ ಅರ್ಥದ ‘ಸೊರಾರಿಟಿ’ ಪದ ಆಗಲೇ ಬಳಕೆಯಲ್ಲಿದ್ದರೂ ಹಾಗೆ ಕರೆದುಕೊಂಡರು. ಇದನ್ನು ‘ಭ್ರಾತೃಸಂಘ’ ಅಂತ ಕನ್ನಡಕ್ಕೆ ತಂದರೆ ನಗೆಪಾಟಲು. ಅದೇ 1903ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಇಂಗ್ಲೆಂಡಿನ ಈಥೆಲ್ ಸ್ಮೈತ್ ಅನ್ನೋ ಹೆಂಗಸು ಬರೆದ ಒಪೆರಾ, ಅಂದರೆ ಹಾಡಿನ ನಾಟಕ, ಆಡಿದರು. ಹೆಂಗಸೊಬ್ಬಳು ಬರೆದ ಇನ್ನೊಂದು ಒಪೆರಾ ಅಲ್ಲಿಗೆ ಬಂದದ್ದು 2016ರಲ್ಲಿ, ಫಿನ್ಲೆಂಡಿನ ಕಾಯಾ ಸಾರಿಯಾಹೊ ಅವರದ್ದು. ಇಂಥ ಕೂಟಗಳು ಯಾಕೆ ಬೇಕು ಅಂತ ಕೇಳುವವರಿಗೆ ಇಷ್ಟು ಹೇಳಿದರೆ ಸಾಕು ಅನ್ನಿಸುತ್ತದೆ.

ನನ್ನ ಮತ ‘ಬಳಗ’ಕ್ಕೆ. ಅಕ್ಕನ ಬಳಗ ಊರೂರಲ್ಲೂ ಇದೆ. ಹುಡುಗಿಯರಿಗೆ ಹಿಡಿಸಿತು, ಆದರೆ ಒಬ್ಬಳು “ವಚನ ಹಾಡ್ತೀವಿ ಅಂದ್ಕೋತಾರೆ ಸಾರ್” ಅಂತ ತಕರಾರು ತೆಗೆದಳು. ‘ಗೆಳತಿಯರ ಸಂಗೀತ ಬಳಗ’ ಆದೀತೇ?

ಮೂರನೆಯದು ‘ಕಂಪೋಸರ್’. ಇದು ನಿಜಕ್ಕೂ ಕಷ್ಟ. ವಾಗ್ಗೇಯಕಾರ ಅಂದರೆ ಮಾತು (ಸಾಹಿತ್ಯ), ಧಾತು (ಸಂಗೀತ) ಎರಡನ್ನೂ ಕಟ್ಟುವವನು. ಸಾಹಿತ್ಯವೇ ಇಲ್ಲದ ವಾದ್ಯಕೃತಿ ಬರೆದವರನ್ನು ಹಾಗೆ ಕರೆಯೋದು ಹೇಗೆ? ಸಂಗೀತ ನಿರ್ದೇಶಕ ಸಿನಿಮಾದವರ ಸೊತ್ತು. ಸಂಗೀತ ಸಂಯೋಜಕ ಅಂದರೆ ಭಾವಗೀತೆಗೆ ರಾಗ ಹಾಕುವವರು. ‘ರಚನಕಾರ’ ಪರವಾಗಿಲ್ಲ. ಹೆಣ್ಣಾದರೆ ‘ರಚನಕಾರ್ತಿ’ಯೋ, ‘ರಚನಕಾರಳು’ ಅನ್ನಬೇಕೋ? ಹಾಡುಗಾರ್ತಿ, ಬರಹಗಾರ್ತಿ ನಾಲಿಗೆಗೆ ಸಲೀಸು. ಇದು ಸ್ವಲ್ಪ ಎಡವುತ್ತದೆ.

ಕನ್ನಡದ ಜನ ಹಾಡನ್ನು ‘ಕಟ್ಟು’ತ್ತಾರೆ. ಮಂಡ್ಯದ ಹಳ್ಳಿಗಳಲ್ಲಿ ಪದ ಅಂದರೆ ಹಾಡೇ. ಸೋಬಾನೆ ಪದ, ಬೀಸೋ ಪದ. “ಒಂದು ಪದ ಹೇಳವ್ವ” ಅಂದರೆ ಹಾಡು ಅಂತ, ನಮ್ಮ ಹಾಗೆ ಅರ್ಥ ಹುಡುಕು ಅಂತಲ್ಲ. ಅಲ್ಲಿ ಪದ ಕಟ್ಟುವ ಹೆಂಗಸನ್ನು ಏನಂತ ಕರೆಯುತ್ತಾರೆ? ಪದಗಾತಿ, ಪದಗಾರ್ತಿ, ಇಂಥದ್ದೇನಾದರೂ ಬಳಕೆ ಕೇಳಿದವರು ಇದ್ದೀರಾ? ಮಳವಳ್ಳಿ, ನಾಗಮಂಗಲ, ಪಾಂಡವಪುರದ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರ. ನಿಘಂಟಿನ ಪದಕ್ಕಿಂತ ಬಾಯಲ್ಲಿ ಇರುವ ಪದ ಸಿಕ್ಕರೆ ಅದನ್ನೇ ಅಚ್ಚು ಹಾಕಿಸುತ್ತೇನೆ.