ಹಳೆ ಹಾರ್ವೆಸ್ಟರ್: ಹಂಗಾಮು ಮುಗಿದ ಮೇಲೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಮುದ್ದೇಬಿಹಾಳದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಅಣ್ಣತಮ್ಮಂದಿರು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಹಾರ್ವೆಸ್ಟರ್ ತಗೊಂಡಿದ್ದೇವೆ. ಪಂಜಾಬಿನಲ್ಲಿ ತಯಾರಾದ 14 ಫೂಟಿನ ಗಾಡಿ, ಅಶೋಕ್ ಲೇಲ್ಯಾಂಡ್ ಎಂಜಿನ್. ವಯಸ್ಸಾಗಿದೆ. ಕಡಲೆ, ಜೋಳ, ಗೋಧಿ ಮುಗಿಸಿಕೊಂಡು ಈಗ ಮನೆ ಮುಂದೆ ನಿಂತಿದೆ. ಇನ್ನು ಕೆಲಸ ಸಿಗೋದು ಸೋಯಾಬೀನ್, ಗೊಂಜಾಳಕ್ಕೆ (ಮೆಕ್ಕೆಜೋಳ). ಶೆಡ್ ಇಲ್ಲ. ಎಲ್ಲಾ ಒಂದೇ ಸಲಕ್ಕೆ ಮಾಡಿಸುವಷ್ಟು ದುಡ್ಡೂ ಇಲ್ಲ. ಮೆಕ್ಯಾನಿಕ್ ಕೇಳಿದರೆ "ಸೆಪ್ಟೆಂಬರ್‌ನಲ್ಲಿ ನೋಡೋಣ" ಅಂತಾರೆ. ಅನುಭವ ಇದ್ದವರು ಹೇಳಿ, ಯಾವುದು ಮೊದಲು?

ಬೈಲಹೊಂಗಲದಿಂದ:

ತಮ್ಮಾ, ಸೆಪ್ಟೆಂಬರ್ ತನಕ ಕಾಯಬೇಡ. ಆಗ ಸುತ್ತಲ ಊರಿನ ಗಾಡಿಗಳೆಲ್ಲ ಅದೇ ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿರುತ್ತವೆ. ಬೇಕಾದ ಬೆಲ್ಟು ಪಂಜಾಬಿನಿಂದ ಟ್ರಾನ್ಸ್‌ಪೋರ್ಟಿನಲ್ಲಿ ಬರೋದರೊಳಗೆ ಸೋಯಾ ಕಾಯಿ ಹೊಲದಲ್ಲೇ ಸಿಡಿದಿರುತ್ತೆ.

ಮೊದಲನೇ ಕೆಲಸಕ್ಕೆ ದುಡ್ಡೇ ಬೇಡ. ಡ್ರೈವರ್ ಊರಿಗೆ ಹೋಗುವ ಮುಂಚೆ ಕೂರಿಸಿಕೊಂಡು ಚಹಾ ಕುಡಿಸಿ ಕೇಳು. ಯಾವ ಕಡೆ ಸದ್ದು ಬರ್ತಿತ್ತು, ಯಾವ ಬೆಲ್ಟು ಜಾರುತ್ತಿತ್ತು, ಹೆಡರ್ (ಮುಂದಿನ ಕೊಯ್ಯುವ ಭಾಗ) ಎತ್ತಿ ನಿಲ್ಲಿಸಿದರೆ ತಾನಾಗಿ ಇಳೀತಿತ್ತಾ, ಹೊಟ್ಟಿನ ಜೊತೆ ಕಾಳು ಎಷ್ಟು ಹೋಗ್ತಿತ್ತು. ಎಲ್ಲಾ ಬರೆದಿಟ್ಟುಕೋ. ಹಂಗಾಮು ಪೂರ್ತಿ ಸೀಟಿನ ಮೇಲೆ ಕೂತವನಿಗೆ ಗೊತ್ತಿರೋದು ಯಾವ ಮೆಕ್ಯಾನಿಕ್‌ಗೂ ಗೊತ್ತಿರಲ್ಲ. ಅವನು ರೈಲು ಹತ್ತಿದ ಅಂದರೆ ಮುಗೀತು.

ಎರಡನೇದು, ಏನನ್ನೂ ಬಿಚ್ಚುವ ಮುಂಚೆ ಗಾಡಿ ಸ್ಟಾರ್ಟ್ ಮಾಡಿ, ಡ್ರಮ್ (ತೆನೆ ಬಡಿದು ಕಾಳು ಬಿಡಿಸುವ ಉರುಳೆ), ಕನ್ವೇಯರ್, ಎಲಿವೇಟರ್ (ಕಾಳು ಮೇಲಕ್ಕೆ ಒಯ್ಯುವ ಭಾಗ) ಎಲ್ಲಾ ಹಾಕಿ ಹದಿನೈದು ಇಪ್ಪತ್ತು ನಿಮಿಷ ಖಾಲಿ ಓಡಿಸು. ಆಮೇಲೆ ಎಂಜಿನ್ ಬಂದ್ ಮಾಡಿ ಕೀಲಿ ಕೈ ಜೇಬಿಗೆ ಹಾಕಿಕೋ. ಎಲ್ಲಾ ಪೂರ್ತಿ ನಿಂತ ಮೇಲೆ ಒಂದೊಂದೇ ಬೇರಿಂಗಿನ ಮನೆ ಹತ್ತಿರ ಕೈ ಹಿಡಿದು ನೋಡು. ಶಾಖ ಅಳೆಯುವ ಸಣ್ಣ ಗನ್ ಸಿಗುತ್ತೆ, ಅದಿದ್ದರೆ ಇನ್ನೂ ಚಲೋ. ಪಕ್ಕದ್ದಕ್ಕಿಂತ ಜಾಸ್ತಿ ಬಿಸಿ ಇದ್ದದ್ದಕ್ಕೆ ಸುಣ್ಣದ ಬಳಪದಿಂದ ಗುರುತು ಹಾಕು. ನಾಲ್ಕು ತಿಂಗಳು ನಿಂತು ತಣ್ಣಗಾದ ಗಾಡಿಯಲ್ಲಿ ಒಳ್ಳೆ ಬೇರಿಂಗ್ ಯಾವುದು, ಹೋಗಿದ್ದು ಯಾವುದು ಅಂತ ಗೊತ್ತಾಗಲ್ಲ. ಮೆಕ್ಯಾನಿಕ್ ಅಂದಾಜಿನ ಮೇಲೆ ಹೊಸದು ಹಾಕ್ತಾನೆ, ದುಡ್ಡು ನಿಂದು.

ಮೂರನೇದು ಸ್ವಚ್ಛ ಮಾಡೋದು. ಇದನ್ನು ಹಗುರವಾಗಿ ತಗೋಬೇಡ. ಎಲಿವೇಟರ್ ಕೆಳಗಿನ ಬಾಗಿಲು, ಟ್ಯಾಂಕಿನ ತಳ, ಜರಡಿ, ವಾಕರ್ (ಹೊಟ್ಟು ಒದರಿ ಹಿಂದಕ್ಕೆ ತಳ್ಳುವ ಭಾಗ) ಎಲ್ಲಾ ತೆರೆದು ಗಾಳಿ ಹೊಡಿ. ಕಡಲೆ ಕೊಯ್ದ ಗಾಡಿ ಅಂದೆ. ಕಡಲೆ ಸೊಪ್ಪಿನ ಹುಳಿ ಗೊತ್ತಲ್ಲ, ಬರಿಗಾಲಲ್ಲಿ ಹೊಲದಲ್ಲಿ ನಡೆದರೆ ಕಾಲು ಉರಿಯುತ್ತೆ. ಅದೇ ಹುಳಿ ಧೂಳಿನ ಜೊತೆ ತಗಡಿಗೆ ಅಂಟಿರುತ್ತೆ. ಮೊದಲ ಮಳೆಯ ತಂಪು ತಾಗಿತು ಅಂದರೆ ಎರೆಮಣ್ಣು ನೀರು ಹಿಡಿದುಕೊಂಡು ಕೂರುತ್ತೆ, ತಗಡು ಒಳಗಿಂದ ತಿಂದುಕೊಂಡು ಹೋಗುತ್ತೆ. ನೀರು ಹಾಕಿ ತೊಳೀತೀಯಾ, ತೊಳಿ. ಆದರೆ ಪ್ರೆಶರ್ ಪೈಪು ಬೇರಿಂಗಿಗೆ, ವೈರಿಂಗಿಗೆ ನೇರ ಹಿಡಿಯಬೇಡ. ತೊಳೆದ ಮೇಲೆ ಬಿಸಿಲಲ್ಲಿ ಇಟ್ಟು, ಮತ್ತೆ ಖಾಲಿ ಓಡಿಸಿ, ಪ್ರತಿ ನಿಪ್ಪಲ್‌ಗೂ ಹಳೆ ಗ್ರೀಸು ಹೊರಗೆ ಬರುವ ತನಕ ಗ್ರೀಸ್ ಹೊಡಿ. ಒಳಗೆ ನುಗ್ಗಿದ ನೀರನ್ನು ಗ್ರೀಸೇ ತಳ್ಳುತ್ತೆ. ಸೀಲ್ ಮಾಡಿದ ಬೇರಿಂಗಿಗೆ ಮಾತ್ರ ಜೋರು ಮಾಡಬೇಡ, ಸೀಲೇ ಎದ್ದು ಬರುತ್ತೆ.

ದುಡ್ಡಿನ ಮಾತು. ನನ್ನ ಲೆಕ್ಕದಲ್ಲಿ ಮೊದಲು ಬೇರಿಂಗು, ಆಮೇಲೆ ಚೈನು, ಆಮೇಲೆ ಬೆಲ್ಟು. ಪೇಂಟು, ಸೀಟು, ಹಾಡಿನ ಟೇಪು ಕಡೆಗೆ. ನಮ್ಮ ಕಡೆ ಜನ ಉಲ್ಟಾ ಮಾಡ್ತಾರೆ. ಹೊಳೆಯುವ ಗಾಡಿಗೆ ಬಾಡಿಗೆ ಜಾಸ್ತಿ ಸಿಗುತ್ತೆ ಅಂತ ಯಾರು ಹೇಳಿದರೋ.

ಚೈನ್ ನೋಡೋದು ಹೀಗೆ. ಟೇಪು ಹಿಡಿದು 12 ಇಂಚು ಅಳೆ. ಅರ್ಧ, ಮುಕ್ಕಾಲು, ಒಂದು ಇಂಚು, ಯಾವ ಪಿಚ್ಚಿನ (ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಇರುವ ಅಂತರ) ಚೈನಾದರೂ ಹೊಸದಿದ್ದಾಗ ಪಿನ್ನಿನ ನಡುವಿಂದ ಪಿನ್ನಿನ ನಡುವಿಗೆ 12 ಇಂಚಿಗೆ ಸರಿಯಾಗಿ ಬರುತ್ತೆ: ಅರ್ಧ ಇಂಚಿನದು 24 ಕೊಂಡಿ, ಮುಕ್ಕಾಲಿನದು 16, ಒಂದು ಇಂಚಿನದು 12. ಅಷ್ಟೇ ಕೊಂಡಿಗೆ 12 ಇಂಚು ಮೂರು ನೂಲು (ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು) ತೋರಿಸಿದರೆ ನೂರಕ್ಕೆ ಮೂರರಷ್ಟು ಜಗ್ಗಿದೆ, ತೆಗೆದು ಹಾಕು. ಚೈನ್ ಎಳೆದು ಹಿಡಿದು ಅಳೀಬೇಕು, ಸಡಿಲ ಬಿಟ್ಟು ಅಲ್ಲ. ಫೀಡರ್ ಒಳಗೆ ಬೆಳೆ ಎಳೆಯುವ ಚೈನು, ಎಲಿವೇಟರ್ ಒಳಗಿನ ಚೈನು, ಇವುಗಳ ಪಿಚ್ಚು ಬೇರೆ, ಅದಕ್ಕೆ ಈ ಲೆಕ್ಕ ನಡೆಯಲ್ಲ. ಅಲ್ಲಿ ಟೈಟ್ ಮಾಡುವ ಬೋಲ್ಟಿನಲ್ಲಿ ಇನ್ನೂ ಎಷ್ಟು ಜಾಗ ಉಳಿದಿದೆ ನೋಡು.

ಜಮಖಂಡಿಯಿಂದ (ನಾನು ಇದೇ ರಿಪೇರಿ ಕೆಲಸದವನು):

ಕಾಕಾ ಹೇಳಿದ್ದೆಲ್ಲ ಖರೆ. ಮೆಕ್ಯಾನಿಕ್‌ಗೆ ಬೈದಿದ್ದು ಬಿಟ್ಟು.

ಡ್ರಮ್ ಬಗ್ಗೆ ಯಾರೂ ಹೇಳಿಲ್ಲ. ಕಡಲೆಯನ್ನು ನೆಲಕ್ಕೆ ತಾಗಿಸಿ ಕೊಯ್ಯೋದರಿಂದ ಕಲ್ಲು ಒಳಗೆ ಹೋಗಿಯೇ ಹೋಗಿರುತ್ತೆ. ರಾಸ್ಪ್ ಬಾರ್‌ಗಳ (ಡ್ರಮ್ ಮೇಲಿನ ಗೆರೆಗೆರೆ ಕಬ್ಬಿಣದ ಪಟ್ಟಿ) ಹಲ್ಲು ಸವೆದಿದೆಯಾ, ಯಾವುದಾದರೂ ಬಾಗಿದೆಯಾ ನೋಡಿ. ಒಂದು ಬಾರ್ ಹೋಗಿದ್ದರೆ ಅದೊಂದನ್ನೇ ಹಾಕಬೇಡಿ. ಅದರ ಎದುರಿನ ಬಾರೂ ಸೇರಿಸಿ, ತೂಕ ನೋಡಿ ಜೋಡಿಯಾಗಿ ಹಾಕಿ. ಇಲ್ಲಾಂದರೆ ಡ್ರಮ್ ತೂಕ ತಪ್ಪುತ್ತೆ, ಗಾಡಿ ಪೂರ್ತಿ ನಡುಗುತ್ತೆ, ಹೊಸ ಬೇರಿಂಗೂ ಹೋಗುತ್ತೆ. ಬಾರ್‌ಗಳಲ್ಲಿ ಎಡಗೆರೆ, ಬಲಗೆರೆ ಅಂತ ಎರಡು ಬಗೆ ಇರುತ್ತೆ, ಒಂದು ಬಿಟ್ಟು ಒಂದು ಬರಬೇಕು. ಬೋಲ್ಟು ಹೈ ಟೆನ್ಸೈಲ್‌ದೇ ಹಾಕಿ. ಪೇಟೆಯ ಸಾದಾ ಬೋಲ್ಟು ಕಡಿದು ಡ್ರಮ್ಮಿನಲ್ಲಿ ಸಿಕ್ಕರೆ ಕೆಳಗಿನ ಜಾಳಿಗೆಯೇ ಹರಿದು ಹೋಗುತ್ತೆ. ಆ ಜಾಳಿಗೆಗೂ ಡ್ರಮ್ಮಿಗೂ ನಡುವಿನ ಸಂದು ಎಡಗಡೆ, ಬಲಗಡೆ ಒಂದೇ ಇದೆಯಾ ಅಂತ ಗೇಜ್ ಹಾಕಿ ನೋಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ ಇಲ್ಲಿ ಕಾಳು ಒಡೆಯುತ್ತೆ, ಅಲ್ಲಿ ಕಾಳು ಉಳಿಯುತ್ತೆ. ರೈತರು ಡ್ರೈವರ್‌ಗೆ ಬೈತಾರೆ.

ಇನ್ನೊಂದು, ಸ್ಲಿಪ್ ಕ್ಲಚ್ಚು. ಮಳೆಗಾಲದಲ್ಲಿ ಅದರ ಪ್ಲೇಟುಗಳು ತುಕ್ಕು ಹಿಡಿದು ಅಂಟಿಕೊಳ್ತವೆ. ಆಮೇಲೆ ಮೊದಲ ದಿನವೇ ಏನಾದರೂ ಸಿಕ್ಕಿಬಿದ್ದರೆ ಕ್ಲಚ್ ಜಾರಲ್ಲ, ಶಾಫ್ಟೇ ಮುರಿಯುತ್ತೆ. ಸ್ಪ್ರಿಂಗ್ ಸಡಿಲ ಮಾಡಿ, ಪ್ಲೇಟ್ ಮೇಲೆ ಬಳಪದ ಗೆರೆ ಎಳೆದು, ಜಾರಿಸಿ ನೋಡಿ, ಮತ್ತೆ ಮೊದಲಿನ ಅಳತೆಗೇ ಬಿಗಿ ಮಾಡಿ. ಸ್ಪ್ರಿಂಗಿನ ಉದ್ದ ಮೊದಲೇ ಅಳೆದಿಟ್ಟುಕೊಂಡಿದ್ದರೆ ಕೆಲಸ ಸಲೀಸು.

ಹೆಡರ್ ತಾನಾಗಿ ಇಳಿದರೆ ಸಿಲಿಂಡರ್ ಸೀಲು ಅಥವಾ ವಾಲ್ವು. ಸೀಲು ಇಲ್ಲೇ ಬದಲಿಸಬಹುದು. ರಾಡಿನ ಕ್ರೋಮ್ ಎದ್ದಿದ್ದರೆ ಹೊಸ ಸೀಲೂ ಬಾಳಲ್ಲ. ಬೆಳಗಾವಿ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಕೆಲಸದವರು ಬೇಕಾದಷ್ಟು ಜನ ಇದ್ದಾರೆ, ಅಲ್ಲಿಗೆ ಒಯ್ದರೆ ಮುಗೀತು.

ಮತ್ತೆ, ದಯವಿಟ್ಟು ಎತ್ತಿದ ಹೆಡರ್ ಕೆಳಗೆ ಬರೀ ಹೈಡ್ರಾಲಿಕ್ ನಂಬಿ ಮಲಗಬೇಡಿ. ಸಿಲಿಂಡರ್ ಲಾಕ್ ಹಾಕಿ, ಮರದ ದಿಮ್ಮಿ ಕೊಡಿ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತಂತಿ ಬಿಚ್ಚಿ, ಹೊಟ್ಟು ಪೂರ್ತಿ ತೆಗೆದು, ನೀರಿನ ಕೊಡ ಪಕ್ಕದಲ್ಲಿ ಇಟ್ಟುಕೊಳ್ಳಿ.

ಖಾನಾಪುರದಿಂದ:

ನಮ್ಮ ಕಡೆ ಭತ್ತ, ಮಳೆಯೂ ಜಾಸ್ತಿ, ಹಾಗಾಗಿ ನಿಲ್ಲಿಸೋದರ ಬಗ್ಗೆ ಮಾತ್ರ ಹೇಳ್ತೀನಿ. ಪ್ಲಾಸ್ಟಿಕ್ ತಾಡಪತ್ರಿ ಬಿಗಿಯಾಗಿ ಸುತ್ತಬೇಡಿ. ಒಳಗೆ ಬೆವರು ಹಿಡಿಯುತ್ತೆ, ಬಯಲಲ್ಲಿ ಬಿಟ್ಟದ್ದಕ್ಕಿಂತ ಬೇಗ ತುಕ್ಕು ಬರುತ್ತೆ. ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿ, ಬದಿಗೆ ಗಾಳಿ ಆಡಲಿ. ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚಿ. ತೆಗೆಯೋದು ಮರೆಯದ ಹಾಗೆ ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿ.

ಇಲಿ. ಒಂದು ಹಿಡಿ ಕಾಳು ಒಳಗೆ ಉಳಿದರೂ ಸಾಕು, ಸಂಸಾರ ಹೂಡ್ತವೆ. ವೈರಿಂಗ್ ಕಡಿದ ಜಾಗದಲ್ಲಿ ಹಂಗಾಮಿನಲ್ಲಿ ಕಿಡಿ ಹಾರಿದರೆ ಸುತ್ತ ಒಣಹೊಟ್ಟು, ಹೊಲ ಸಮೇತ ಸುಡುತ್ತೆ. ಡಾಂಬರ್ ಗುಳಿಗೆ ಇಡ್ತಾರೆ, ನನಗೇನೂ ಫರಕು ಕಾಣಲಿಲ್ಲ. ಕಾಳು ಇರದ ಹಾಗೆ ಗುಡಿಸೋದೇ ಸರಿ.

ಬೆಲ್ಟುಗಳನ್ನು ಬಿಚ್ಚಿ, ನಂಬರ್ ಬರೆದು, ಮನೆಯೊಳಗೆ ನೆರಳಲ್ಲಿ ನೇತು ಹಾಕಿ. ಬಿಚ್ಚೋಕೆ ಆಗದ್ದನ್ನು ಸಡಿಲ ಮಾಡಿ ಬಿಡಿ.

ಇಂಡಿಯಿಂದ:

ಎಂಜಿನ್ ಆಯಿಲ್ ಈಗಲೇ ಬದಲಿಸಿ. ಸುಟ್ಟ ಆಯಿಲ್ ಒಳಗೆ ಬಿಟ್ಟು ನಾಲ್ಕು ತಿಂಗಳು ನಿಲ್ಲಿಸಿ, ಆಮೇಲೆ ಹೊಸದು ಹಾಕೋದರಲ್ಲಿ ಅರ್ಥ ಇಲ್ಲ. ಡೀಸೆಲ್ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಟ್ಯಾಂಕಿನ ಗೋಡೆಗೆ ಹನಿ ಕಟ್ಟಿ ಡೀಸೆಲ್‌ಗೆ ನೀರು ಸೇರುತ್ತೆ. ರೇಡಿಯೇಟರ್‌ಗೆ ಗಾಳಿ ಎಂಜಿನ್ ಕಡೆಯಿಂದ ಹೊರಗೆ ಹೊಡೀರಿ. ಬ್ಯಾಟರಿ ಬಿಚ್ಚಿ ಮನೆಗೆ ತಗೊಂಡು ಹೋಗಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತೆ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಬಂದ್ ಮಾಡೋರು ಬಹಳ ಜನ. ನನಗೆ ಇದು ಸರಿ ಅನಿಸಲ್ಲ. ಎಂಜಿನ್ ಬಿಸಿಯಾಗದೆ ಒಳಗೆ ಆವಿ ನೀರಾಗಿ ಆಯಿಲ್ ಸೇರುತ್ತೆ. ಸ್ಟಾರ್ಟ್ ಮಾಡಿದರೆ ಗಾಡಿ ಪೂರ್ತಿ ಬಿಸಿಯಾಗಲಿ, ಡ್ರಮ್, ಎಲಿವೇಟರ್ ಎಲ್ಲಾ ತಿರುಗಲಿ. ಇಲ್ಲಾಂದರೆ ಮುಟ್ಟಬೇಡಿ.

ಬೈಲಹೊಂಗಲದಿಂದ:

ಇಂಡಿ ಅಣ್ಣಾವ್ರೇ, ಬೆಲ್ಟು ಬಿಚ್ಚಿದ ಮೇಲೆ ಡ್ರಮ್ ತಿರುಗಿಸೋದು ಹೇಗೆ? ಎರಡರಲ್ಲಿ ಒಂದು. ನಾನು ಬೆಲ್ಟು ಬಿಚ್ಚುವ ಪಕ್ಷ. ಆಗಾಗ ಪುಲ್ಲಿ ಹಿಡಿದು ಕೈಯಿಂದ ಒಂದೆರಡು ಸುತ್ತು ತಿರುಗಿಸಿದರೆ ಬೇರಿಂಗ್ ಒಂದೇ ಜಾಗದಲ್ಲಿ ಕೂರಲ್ಲ. ಎಂಜಿನ್ ಕ್ಲಚ್ ಪೆಡಲ್ ಒತ್ತಿ ಒಂದು ಕಟ್ಟಿಗೆ ಕೊಟ್ಟು ನಿಲ್ಲಿಸಿ, ಪ್ಲೇಟ್ ಅಂಟಲ್ಲ.

ಮುದ್ದೇಬಿಹಾಳದಿಂದ:

ಎಲ್ಲರಿಗೂ ಭಾಳ ಉಪಕಾರ ಆಯ್ತು. ಡ್ರೈವರ್ ಇನ್ನೂ ಇಲ್ಲೇ ಇದ್ದಾನೆ, ಇವತ್ತೇ ಕೂತು ಬರೆದುಕೊಂಡೆವು. ಖಾಲಿ ಓಡಿಸಿ ನೋಡಿದಾಗ ಫೀಡರ್ ಮೇಲಿನ ಶಾಫ್ಟಿನ ಬಲಗಡೆ ಬೇರಿಂಗ್ ಕೈ ಇಡೋಕೆ ಆಗದಷ್ಟು ಬಿಸಿ. ಅದನ್ನು ತಿರುಗಿಸುವ ಚೈನು 12 ಇಂಚಿಗೆ ಎರಡು ನೂಲು ಜಾಸ್ತಿ ಬಂತು ಕಾಕಾ. ಚೈನೂ ತೆಗೆದು ಹಾಕಬೇಕಾ?

ಬೈಲಹೊಂಗಲದಿಂದ:

ಎರಡು ನೂಲಿಗೆ ಅವಸರ ಇಲ್ಲ. ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಆಯಿಲ್‌ನಲ್ಲಿ ನೆನೆ ಹಾಕು, ಸೋಯಾಕ್ಕೆ ನಡೆಯುತ್ತೆ. ಆದರೆ ಗೊಂಜಾಳಕ್ಕೆ ಹೋಗುವ ಮುಂಚೆ ಮತ್ತೆ ಅಳೆ. ಹೊಸ ಚೈನ್ ಹಾಕುವಾಗ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆ ಆಗಿದೆಯಾ ನೋಡು. ಆಗಿದ್ದರೆ ಎರಡೂ ಒಟ್ಟಿಗೇ ಹಾಕಬೇಕು, ಇಲ್ಲಾಂದರೆ ಹೊಸ ಚೈನನ್ನೂ ಅದು ತಿನ್ನುತ್ತೆ. ಬೇರಿಂಗ್ ಮಾತ್ರ ಈ ವಾರವೇ ತೆಗೆಸು. ಶಾಫ್ಟ್ ಸವೆದಿದೆಯಾ ಅಂತ ಬೇರಿಂಗ್ ಕೂರುವ ಜಾಗದಲ್ಲಿ ಉಗುರು ಆಡಿಸಿ ನೋಡು. ಗೆರೆ ಸಿಕ್ಕರೆ ಶಾಫ್ಟನ್ನೂ ಲೇಥಿಗೆ ಒಯ್ಯಬೇಕಾಗುತ್ತೆ, ಅದಕ್ಕೂ ದುಡ್ಡು ತೆಗೆದಿಟ್ಟುಕೋ.