ಎನ್‌ಎಫ್‌ಎಸ್ ಮೇಲಿರುವ 3 ಕೋಟಿ ಫೈಲುಗಳ ಫೋಲ್ಡರ್: ಆರ್‌ಎಂ ಮುಗಿಯುತ್ತಲೇ ಇಲ್ಲ

ಅರೆಕಾಲಿಕ_ಅಡ್ಮಿನ್ ಕೇಳಿದ್ದು:

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಸ್ಟಂ ಅಡ್ಮಿನ್ ಅಲ್ಲ. ನನಗೆ ಲಿನಕ್ಸ್ ಸ್ವಲ್ಪ ಗೊತ್ತು ಅಂತ ಒಂದು ಮೀಟಿಂಗಿನಲ್ಲಿ ಬಾಯಿಬಿಟ್ಟ ತಪ್ಪಿಗೆ ತಂಡದ ಸ್ಟೋರೇಜ್ ಕ್ಲೀನ್ ಮಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ನಮ್ಮ ಸಿಮ್ಯುಲೇಷನ್ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ಒಂದು ಪುಟ್ಟ ಫೈಲ್ ಬರೆಯುತ್ತದೆ. ಮೂರು ವರ್ಷ ಯಾರೂ ಆ ಕಡೆ ತಿರುಗಿ ನೋಡಿಲ್ಲ. ಒಟ್ಟು ಗಾತ್ರ 1.2 ಟಿಬಿ ಅಷ್ಟೇ, ಆದರೆ ಫೈಲುಗಳು ಸುಮಾರು 3 ಕೋಟಿ. ಎಲ್ಲವೂ ಎನ್‌ಎಫ್‌ಎಸ್ ಮೌಂಟ್ ಮೇಲಿವೆ, ಅಂದರೆ ದೂರದ ಸರ್ವರಿನ ಫೋಲ್ಡರ್ ನೆಟ್‌ವರ್ಕ್ ಮೂಲಕ ನನ್ನ ಮಷೀನಿನದೇ ಹಾಗೆ ಕಾಣುತ್ತದೆ. ಸರ್ವರ್ ಇರುವುದು ಬೇರೆ ಕಟ್ಟಡದಲ್ಲಲ್ಲ, ಬೇರೆ ಊರಲ್ಲಿ. ಪಿಂಗ್ ಮಾಡಿದರೆ ಹೋಗಿಬರಲು 4 ಮಿಲಿಸೆಕೆಂಡ್.

ಮೊದಲು ಒಳಗೆ ಹೋಗಿ ಸ್ಟಾರ್ ಹಾಕಿ ಆರ್‌ಎಂ (ಅಳಿಸುವ ಕಮಾಂಡ್) ಕೊಟ್ಟೆ. 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಅಂತ ಮುಖಕ್ಕೆ ಹೊಡೆದ ಹಾಗೆ ಉತ್ತರ ಬಂತು. ಏನಿದೆ ನೋಡೋಣ ಅಂತ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಅದು ಧ್ಯಾನಕ್ಕೆ ಕೂತಿತು. ಕೊನೆಗೆ ನಿನ್ನೆ ಸಂಜೆ 6ಕ್ಕೆ ಟಿಮಕ್ಸ್ (ನಾನು ಹೊರಟರೂ ಕೆಲಸ ಓಡುತ್ತಲೇ ಇರುವ ಟರ್ಮಿನಲ್) ಒಳಗೆ ಆರ್‌ಎಂ -ಆರ್‌ಎಫ್ ಹಾಕಿ ಮನೆಗೆ ಹೋದೆ. ಬೆಳಗ್ಗೆ 8ಕ್ಕೆ ಬಂದು ಡಿಎಫ್ -ಐ ಹಾಕಿ ಫೈಲುಗಳ ಎಣಿಕೆ ನೋಡಿದರೆ 14 ಗಂಟೆಯಲ್ಲಿ ಬರೀ 55 ಲಕ್ಷ ಇಳಿದಿದೆ. ಈ ಲೆಕ್ಕದಲ್ಲಿ ಇನ್ನೂ ಎರಡೂವರೆ ದಿನ ಬೇಕು.

ನನಗೆ ಅರ್ಥವಾಗದ ಸಂಗತಿ ಬೇರೆಯೇ ಇದೆ. ಕಳೆದ ತಿಂಗಳು ಇದೇ ಸ್ಟೋರೇಜಿನಲ್ಲಿದ್ದ 900 ಜಿಬಿಯ ಒಂದೇ ಒಂದು ಟಾರ್ ಫೈಲ್ ಅಳಿಸಿದ್ದೆ. ಎಂಟರ್ ಕೀಲಿಯಿಂದ ಬೆರಳೆತ್ತುವಷ್ಟರಲ್ಲಿ ಪ್ರಾಂಪ್ಟ್ ವಾಪಸ್ ಬಂದಿತ್ತು. ಈಗ ಯಾಕೆ ಹೀಗೆ? ಓಡುತ್ತಿರುವುದನ್ನು ಮಧ್ಯದಲ್ಲಿ ನಿಲ್ಲಿಸಿದರೆ ಏನಾದರೂ ಹಾಳಾಗುತ್ತದೆಯೆ?


ಖಾಲಿಫೋಲ್ಡರ್ ಬರೆದದ್ದು:

ಆರ್‌ಎಂ ಬಿಡಿ ಗುರೂ. ಒಂದು ಖಾಲಿ ಫೋಲ್ಡರ್ ಮಾಡಿ, ಆರ್‌ಸಿಂಕ್ -ಎ --ಡಿಲೀಟ್ ಖಾಲಿ/ ದೊಡ್ಡದು/ ಅಂತ ಕೊಡಿ, ದೊಡ್ಡದನ್ನು ಅದು ಖಾಲಿಯದರ ಹಾಗೆಯೇ ಮಾಡಿಬಿಡುತ್ತದೆ. ನಾನು ನನ್ನ ಮಷೀನಿನಲ್ಲಿ ಮಾಡಿದ್ದೇನೆ, ರಾಕೆಟ್ ಹಾಗೆ ಹೋಗುತ್ತದೆ.


ಇರುಳುಪಾಳಿ ಬರೆದದ್ದು:

ಮೊದಲು ಆ ಭಯ ಬಿಡಿ. ಕಂಟ್ರೋಲ್-ಸಿ ಒತ್ತಿದರೆ ಏನೂ ಹಾಳಾಗುವುದಿಲ್ಲ. ಹೋದದ್ದು ಹೋಯಿತು, ಉಳಿದದ್ದು ಇದ್ದಲ್ಲೇ ಇರುತ್ತದೆ.

900 ಜಿಬಿ ಫೈಲ್ ಯಾಕೆ ಕ್ಷಣದಲ್ಲಿ ಹೋಯಿತು ಅಂದರೆ, ನಿಮ್ಮ ಮಷೀನ್ ಸರ್ವರಿಗೆ ಹೇಳಿದ್ದು ಒಂದೇ ಮಾತು: ಈ ಹೆಸರು ತೆಗೆ. ಬ್ಲಾಕುಗಳನ್ನು ಬಿಡಿಸಿಕೊಳ್ಳುವ ತಲೆನೋವು ಸರ್ವರಿನದು. 3 ಕೋಟಿ ಫೈಲ್ ಅಂದರೆ ಅದೇ ಮಾತನ್ನು 3 ಕೋಟಿ ಸಲ ಹೇಳಬೇಕು. ಹೇಳಿದ ಪ್ರತಿ ಸಲವೂ ಉತ್ತರ ಬರುವ ತನಕ ಆರ್‌ಎಂ ಕೈಕಟ್ಟಿ ನಿಂತಿರುತ್ತದೆ. ಸರ್ವರ್ ಕೂಡ ಸುಮ್ಮನೆ 'ಹೂಂ' ಅನ್ನುವ ಹಾಗಿಲ್ಲ. ಹೆಸರು ತೆಗೆದದ್ದು ಕರೆಂಟ್ ಹೋದರೂ ಉಳಿಯುವ ಜಾಗದಲ್ಲಿ ದಾಖಲಾದ ಮೇಲೆಯೇ ಉತ್ತರ ಕೊಡಬೇಕು, ಎನ್‌ಎಫ್‌ಎಸ್‌ನ ಕಟ್ಟಳೆಯೇ ಹಾಗೆ. 14 ಗಂಟೆ ಅಂದರೆ 50,400 ಸೆಕೆಂಡ್. 55 ಲಕ್ಷವನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 109, ಅಂದರೆ ಫೈಲಿಗೆ 9 ಮಿಲಿಸೆಕೆಂಡ್. ನಿಮ್ಮ ಪಿಂಗ್ 4. ಒಂದೆರಡು ಸಲ ಹೋಗಿಬಂದು, ಸರ್ವರ್ ಬರೆದುಕೊಳ್ಳುವುದೂ ಸೇರಿದರೆ ಲೆಕ್ಕ ಸರಿಹೋಯಿತು. ನಿಮ್ಮ ನೆಟ್‌ವರ್ಕ್ ಗ್ರಾಫ್ ನೋಡಿ, ಹೆಚ್ಚುಕಡಿಮೆ ಸೊನ್ನೆ ಇರುತ್ತದೆ. ಲೈನ್ ತುಂಬಿಲ್ಲ ಸ್ವಾಮಿ, ಖಾಲಿ ಬಿದ್ದಿದೆ. ಸಮಯವೆಲ್ಲ ಕಾಯುವುದರಲ್ಲೇ ಹೋಗುತ್ತಿದೆ.

ಅದಕ್ಕೇ ಆರ್‌ಸಿಂಕ್ ಇಲ್ಲಿ ರಾಕೆಟ್ ಆಗುವುದಿಲ್ಲ. ಸ್ವಂತ ಡಿಸ್ಕಿನ ಮೇಲೆ ಯಾವ ಕ್ರಮದಲ್ಲಿ ಅಳಿಸುತ್ತೀರಿ ಅನ್ನುವುದರಿಂದ ವ್ಯತ್ಯಾಸ ಆಗಬಹುದು, ಖಾಲಿಫೋಲ್ಡರ್ ಅವರ ಅನುಭವ ಸುಳ್ಳಲ್ಲ. ನೆಟ್‌ವರ್ಕ್ ಮೇಲೆ ಅದೂ 3 ಕೋಟಿ ಸಲ ಒಂದೊಂದಾಗಿಯೇ ಕೇಳಬೇಕು. ಮೇಲಾಗಿ, ಆ ಕಮಾಂಡಿನಲ್ಲಿ ಎಡಬಲ ಅದಲುಬದಲಾದರೆ ಅಳಿಸಬೇಕಾದದ್ದು ಖಾಲಿ ಫೋಲ್ಡರಿನೊಳಕ್ಕೆ ಪ್ರತಿಯಾಗುತ್ತದೆ. ನಗಬೇಡಿ, ನೋಡಿದ್ದೇನೆ.

ಇದನ್ನು ಹೀಗೆ ಮಾಡಿ. ಮೊದಲು ಫೋಲ್ಡರನ್ನು ಅದೇ ಎಕ್ಸ್‌ಪೋರ್ಟಿನೊಳಗೆ (ಸರ್ವರ್ ನಿಮಗೆ ಹಂಚಿರುವ ಜಾಗದೊಳಗೆ) ಬೇರೆ ಹೆಸರಿಗೆ ಎಂವಿ ಮಾಡಿ. ಅದು ಒಂದೇ ಕ್ಷಣದ ಕೆಲಸ. ತಂಡದವರಿಗೆ ತಕ್ಷಣ ಹೊಸ ಖಾಲಿ ಫೋಲ್ಡರ್ ಸಿಗುತ್ತದೆ, ನೀವು ಹಳೆಯದನ್ನು ನಿಧಾನಕ್ಕೆ ಅಳಿಸಬಹುದು. ಆದರೆ ಬೇರೆ ಎಕ್ಸ್‌ಪೋರ್ಟಿಗೆ, ಅಥವಾ ಸರ್ವರಿನಲ್ಲಿ ಬೇರೆ ಫೈಲ್‌ಸಿಸ್ಟಂ ಆಗಿರುವ ಜಾಗಕ್ಕೆ ಎಂವಿ ಮಾಡಿದಿರೋ, ಅದು 3 ಕೋಟಿ ಫೈಲುಗಳನ್ನು ಪ್ರತಿ ಮಾಡಿ ಆಮೇಲೆ ಅಳಿಸಲು ಶುರುಮಾಡುತ್ತದೆ. ಕ್ಷಣದಲ್ಲಿ ಪ್ರಾಂಪ್ಟ್ ಬರಲಿಲ್ಲ ಅಂದರೆ ತಕ್ಷಣ ನಿಲ್ಲಿಸಿ.

ಆಮೇಲೆ ಏಕಕಾಲಕ್ಕೆ ಹಲವು ಆರ್‌ಎಂ ಓಡಿಸಿ. ಕಮಾಂಡನ್ನು ಓದುವ ಹಾಗೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ (-ಪಿ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಚಿಕ್ಕಕ್ಷರ):

ಫೈಂಡ್ ಹಳೆಯದು -ಮಿನ್‌ಡೆಪ್ತ್ 1 -ಮ್ಯಾಕ್ಸ್‌ಡೆಪ್ತ್ 1 -ಪ್ರಿಂಟ್0 | ಎಕ್ಸ್‌ಆರ್ಗ್ಸ್ -0 -ಎನ್ 1 -ಪಿ 8 ಆರ್‌ಎಂ -ಆರ್‌ಎಫ್

ಎಂಟು ಜನ ಎಂಟು ಉಪಫೋಲ್ಡರ್ ಹಿಡಿದುಕೊಂಡರೆ ಒಬ್ಬ ಕಾಯುವಾಗ ಉಳಿದವರು ಕೇಳುತ್ತಿರುತ್ತಾರೆ. -ಪ್ರಿಂಟ್0 ಮತ್ತು -0 ಬಿಡಬೇಡಿ. ಹೆಸರಿನಲ್ಲಿ ಒಂದು ಸ್ಪೇಸ್ ಇದ್ದರೆ ಆರ್‌ಎಂ ಬೇರೆಯದೇ ಎರಡು ಹೆಸರು ಓದಿಕೊಳ್ಳುತ್ತದೆ.

ಒಂದು ಎಚ್ಚರ. ಒಂದೇ ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಫೈಲ್ ಚಪ್ಪಟೆಯಾಗಿ ಬಿದ್ದಿದ್ದರೆ ಈ ಉಪಾಯ ನಡೆಯುವುದಿಲ್ಲ. ಹೆಸರು ತೆಗೆಯುವಾಗ ನಿಮ್ಮ ಮಷೀನಿನ ಕರ್ನಲ್ ತಾಯಿ ಫೋಲ್ಡರಿಗೆ ಬೀಗ ಹಾಕುತ್ತದೆ, ಸರ್ವರಿನ ಉತ್ತರ ಬರುವವರೆಗೂ ಅದನ್ನು ತೆಗೆಯುವುದಿಲ್ಲ. ಎಂಟು ಜನರೂ ಒಂದೇ ಬಾಗಿಲ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ.

ನಿಜವಾದ ಮದ್ದು ಬೇಕಿದ್ದರೆ ಸರ್ವರ್ ನೋಡಿಕೊಳ್ಳುವವರ ಹತ್ತಿರ ಹೋಗಿ, ಅಲ್ಲಿಯೇ ಅಳಿಸಲು ಕೇಳಿ. ಹೋಗಿಬರುವ ದಾರಿಯೇ ಇರುವುದಿಲ್ಲ.


ನೀಲಿಪರದೆ ಬರೆದದ್ದು:

ವಿಂಡೋಸ್‌ನಿಂದ ಎಸ್‌ಎಂಬಿ ಶೇರ್ (ವಿಂಡೋಸ್ ಬಳಸುವ ನೆಟ್‌ವರ್ಕ್ ಫೋಲ್ಡರ್) ಮೇಲೆ ಇದೇ ಪಾಡು ಪಡುವವರಿಗೆ ಎರಡು ಮಾತು. ಎಕ್ಸ್‌ಪ್ಲೋರರ್‌ನಲ್ಲಿ ಡಿಲೀಟ್ ಒತ್ತಬೇಡಿ, ಅದು ಮೊದಲು ಎಲ್ಲವನ್ನೂ ಎಣಿಸಲು ಕೂರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಆರ್‌ಡಿ /ಎಸ್ /ಕ್ಯೂ ಕೊಡಿ. 260 ಅಕ್ಷರ ಮೀರಿದ ಉದ್ದನೆಯ ದಾರಿಗಳಿದ್ದು ಅದು ಮುಗ್ಗರಿಸಿದರೆ, ಖಾಲಿ ಫೋಲ್ಡರಿನಿಂದ ರೋಬೋಕಾಪಿ /ಎಂಐಆರ್. ಎಸ್‌ಎಂಬಿಯಲ್ಲಿ ಒಂದು ಫೈಲ್ ಅಳಿಸುವುದು ಅಂದರೆ ತೆರೆ, ಅಳಿಸು ಅಂತ ಗುರುತು ಹಾಕು, ಮುಚ್ಚು. ಹಾಗಾಗಿ ಇರುಳುಪಾಳಿ ಹೇಳಿದ ಕಾಯುವ ಕಥೆ ಇಲ್ಲೂ ಅಷ್ಟೇ. ಸರ್ವರ್ ಸಾಂಬಾ (ಲಿನಕ್ಸ್‌ನಿಂದ ಎಸ್‌ಎಂಬಿ ಶೇರ್ ಕೊಡುವ ಪ್ರೋಗ್ರಾಂ) ಆಗಿದ್ದು ರೀಸೈಕಲ್ ಸೌಲಭ್ಯ ಆನ್ ಇದ್ದರೆ ಅಳಿಸಿದ್ದೆಲ್ಲ ಕಸದ ಫೋಲ್ಡರಿಗೆ ಹೋಗಿ ಕೂತಿರುತ್ತದೆ, ಒಂದು ಬೈಟೂ ಬಿಡುಗಡೆ ಆಗಿರುವುದಿಲ್ಲ.


ಅರೆಕಾಲಿಕ_ಅಡ್ಮಿನ್ ಬರೆದದ್ದು:

ಇರುಳುಪಾಳಿ ಸರ್, ತುಂಬಾ ಉಪಕಾರ ಆಯಿತು. ನಡೆದದ್ದು ಹೇಳುತ್ತೇನೆ.

ಮೊದಲು 16 ಹಾಕಿದೆ. ಹತ್ತೇ ನಿಮಿಷದಲ್ಲಿ ಪಕ್ಕದ ತಂಡದಿಂದ ಫೋನ್, ಫೈಲ್ ಸೇವ್ ಮಾಡಿದರೆ ನೇತಾಡುತ್ತಿದೆ ಅಂತ. ನಾನು ಸಾಚಾ ಮುಖ ಮಾಡಿಕೊಂಡು 'ನೋಡ್ತೀನಿ' ಅಂದು 8ಕ್ಕೆ ಇಳಿಸಿದೆ. ಆಮೇಲೆ ಯಾರೂ ಕೂಗಲಿಲ್ಲ. ಸೆಕೆಂಡಿಗೆ 800ರ ಆಸುಪಾಸು ಹೋಯಿತು, ಐದೂವರೆ ಗಂಟೆಯಲ್ಲಿ 1 ಕೋಟಿ 55 ಲಕ್ಷ ಮಾಯ. ಆಮೇಲೆ ವೇಗ ಧಡಕ್ಕನೆ ಮತ್ತೆ 109ಕ್ಕೇ ಬಿತ್ತು.

ಒಂದು ಉಪಫೋಲ್ಡರ್ ಮಾತ್ರ ಉಳಿದಿತ್ತು. ಹೆಸರು 'ಟೆಂಪ್'. ಒಳಗೆ 90 ಲಕ್ಷ ಫೈಲ್, ಒಂದೂ ಉಪಫೋಲ್ಡರ್ ಇಲ್ಲ. (ಎಲ್‌ಎಸ್ ಯಾಕೆ ಧ್ಯಾನಕ್ಕೆ ಕೂತಿತ್ತು ಅಂತ ಈಗ ಗೊತ್ತಾಯಿತು. ಅದು ಎಲ್ಲ ಹೆಸರು ಓದಿ, ವಿಂಗಡಿಸಿದ ಮೇಲೆಯೇ ಬಾಯಿ ತೆರೆಯುವುದಂತೆ. ಎಲ್‌ಎಸ್ -ಎಫ್ (ಚಿಕ್ಕಕ್ಷರದ ಎಫ್) ಕೊಟ್ಟರೆ ವಿಂಗಡಿಸದೆ ಸುರಿಯುತ್ತದೆ.) ಹೆಸರಿನ ಮೊದಲ ಅಂಕಿಯ ಮೇಲೆ ಹಂಚಿ ಎಂಟು ಫೈಂಡ್ ಓಡಿಸಿದೆ. ನೀವು ಹೇಳಿದ ಬಾಗಿಲ ಸಾಲು ಕಣ್ಣಾರೆ ಕಂಡೆ, ವೇಗ ಒಂದಿಷ್ಟೂ ಏರಲಿಲ್ಲ.

ಹಾಗೆ ಹಂಚುವಾಗ ಒಂದು ಕಡೆ -ಡಿಲೀಟ್ ಅನ್ನು -ನೇಮ್‌ಗಿಂತ ಮೊದಲು ಬರೆದಿದ್ದೆ. ಫೈಂಡ್ ಎಡದಿಂದ ಓದುತ್ತದಲ್ಲ, ಹೆಸರು ನೋಡುವ ಮೊದಲೇ ಸಿಕ್ಕಿದ್ದೆಲ್ಲ ಅಳಿಸಲು ಹೊರಟಿತ್ತು. ಹೇಗೂ ಎಲ್ಲವೂ ಹೋಗಬೇಕಾದದ್ದೇ ಆಗಿದ್ದರಿಂದ ಬಚಾವಾದೆ. ಈಗ ಮೊದಲು -ಪ್ರಿಂಟ್ ಹಾಕಿ ಹತ್ತು ಸಾಲು ನೋಡಿ, ಆಮೇಲೆ ಅದನ್ನೇ -ಡಿಲೀಟ್ ಮಾಡುತ್ತೇನೆ.

ಕೊನೆಗೆ ಸಂಕೋಚ ಬಿಟ್ಟು ಸ್ಟೋರೇಜ್ ನೋಡಿಕೊಳ್ಳುವವರಿಗೆ ಬರೆದೆ. ಅವರು ಸರ್ವರ್ ಮೇಲೆಯೇ ಓಡಿಸಿದರು. ನನಗೆ 23 ಗಂಟೆ ಹಿಡಿಯಬೇಕಿದ್ದದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಮೂರು ದಿನದ ಹಿಂದೆಯೇ ಬರೆಯಬಹುದಿತ್ತು.

ಆದರೆ ಆನೆ ಹೋಗಿ ಬಾಲ ಸಿಕ್ಕಿಕೊಂಡಿತು ಅನ್ನುವ ಹಾಗೆ ಎರಡು ಉಳಿದಿವೆ. ಮೊದಲ ದಿನವೇ ನನ್ನ ಆರ್‌ಎಂ ದಾಟಿಹೋದ ಒಂದು ಫೋಲ್ಡರ್ 'ಡೈರೆಕ್ಟರಿ ನಾಟ್ ಎಂಪ್ಟಿ' ಅನ್ನುತ್ತಿದೆ. ಒಳಗೆ ಚುಕ್ಕೆ, ಎನ್‌ಎಫ್‌ಎಸ್, ಆಮೇಲೆ ಉದ್ದನೆಯ ಅಂಕಿ ಇರುವ ಒಂದು ಫೈಲ್. ಅಳಿಸಿದರೆ ಇನ್ನೊಂದು ಹೆಸರಿನಲ್ಲಿ ಹುಟ್ಟುತ್ತದೆ. ಎರಡನೆಯದು ಇನ್ನೂ ವಿಚಿತ್ರ: ಫೈಲುಗಳೆಲ್ಲ ಹೋದರೂ ಖಾಲಿ ಜಾಗ ಏರಿಲ್ಲ.


ಇರುಳುಪಾಳಿ ಬರೆದದ್ದು:

ಮೊದಲನೆಯದು ದೆವ್ವ ಅಲ್ಲ. ನಿಮ್ಮ ಮಷೀನಿನಲ್ಲೇ ಯಾವುದೋ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದೆ. ತೆರೆದ ಫೈಲನ್ನು ಅಳಿಸಿದರೂ ಪ್ರೋಗ್ರಾಂ ಮುಚ್ಚುವವರೆಗೆ ಅದು ಓದಲು ಸಿಗಬೇಕು ಅನ್ನುವುದು ಯುನಿಕ್ಸ್ ಪದ್ಧತಿ. ಎನ್‌ಎಫ್‌ಎಸ್ ಕ್ಲೈಂಟ್ ಅದನ್ನು ಪಾಲಿಸಲು ಅಳಿಸುವ ಬದಲು ಹೆಸರು ಬದಲಿಸಿ ಅಡಗಿಸಿಡುತ್ತದೆ. ಎಲ್‌ಸಾಫ್ ಹಾಕಿ ಯಾರು ಹಿಡಿದಿದ್ದಾರೆ ನೋಡಿ, ಆ ಪ್ರೋಗ್ರಾಂ ನಿಲ್ಲಿಸಿ, ಅದು ತಾನಾಗಿಯೇ ಹೋಗುತ್ತದೆ.

ಎರಡನೆಯದು ಸ್ನ್ಯಾಪ್‌ಶಾಟ್ ಇರಬೇಕು, ಅಂದರೆ ಸರ್ವರ್ ಹಿಡಿದಿಟ್ಟ ಹಿಂದಿನ ದಿನದ ಸ್ಥಿತಿ. ನೀವು ಅಳಿಸಿದ್ದು ಇವತ್ತಿನ ಪ್ರತಿಯಿಂದ. ಅಳಿಸುವ ಮೊದಲಿನ ಸ್ನ್ಯಾಪ್‌ಶಾಟ್ ಇರುವವರೆಗೂ ಬ್ಲಾಕುಗಳನ್ನು ಅದು ಬಿಡುವುದಿಲ್ಲ. ಎಷ್ಟು ದಿನ ಇಡುತ್ತಾರೆ ಅಂತ ಸ್ಟೋರೇಜಿನವರನ್ನು ಕೇಳಿ. ನಿಮ್ಮ ಮ್ಯಾನೇಜರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಕೆಲಸವೇ ಮಾಡಿಲ್ಲ ಅಂದುಕೊಳ್ಳುತ್ತಾರೆ.


ತಟ್ಟೆಗಾವಲು ಬರೆದದ್ದು:

ನಾನು ಆಚೆ ದಡದವನು, ಸ್ಟೋರೇಜ್ ನೋಡಿಕೊಳ್ಳುವವನು. ದಯವಿಟ್ಟು ಮೊದಲ ದಿನವೇ ಬರೆಯಿರಿ, ನಾವು ಕಚ್ಚುವುದಿಲ್ಲ. ನಿಮ್ಮ ಸ್ಟೋರೇಜ್ ನೆಟ್‌ಆ್ಯಪ್ ಕಂಪನಿಯದಾದರೆ ಅದರ ಆನ್‌ಟ್ಯಾಪ್ ಸಾಫ್ಟ್‌ವೇರಿನ 9.8ರಿಂದ ಈಚೆಗೆ ಫೋಲ್ಡರನ್ನು ಸರ್ವರ್ ಕಡೆಯಿಂದ ಹಿನ್ನೆಲೆಯಲ್ಲಿ ಅಳಿಸುವ ಅಸಿಂಕ್-ಡಿಲೀಟ್ ಇದೆ. ಐಸಿಲಾನ್ ಸ್ಟೋರೇಜಿನ ಒನ್‌ಎಫ್‌ಎಸ್‌ನಲ್ಲಿ ಟ್ರೀಡಿಲೀಟ್ ಅನ್ನುವ ಕೆಲಸವೇ ಇದೆ. ನಿಮ್ಮ ಕಡೆಯಿಂದ ಮೂರು ದಿನ ಆರ್‌ಎಂ ಓಡಿದರೆ ನಮ್ಮ ಗ್ರಾಫಿನಲ್ಲಿ ಅದೂ ಕಾಣುತ್ತದೆ, ಯಾರದು ಅಂತ ಹುಡುಕುವುದೇ ನಮಗೊಂದು ಕೆಲಸ.

ಸರ್ವರಿನ ಫೈಲ್‌ಸಿಸ್ಟಂ ಝಡ್‌ಎಫ್‌ಎಸ್ ಆಗಿದ್ದರೆ, ಆ ಸಿಮ್ಯುಲೇಷನ್‌ಗೆ ಅಂತಲೇ ಪ್ರತ್ಯೇಕ ಡೇಟಾಸೆಟ್ (ಅದರೊಳಗಿನ ಸ್ವತಂತ್ರ ಪಾಲು) ಕೇಳಿ ಪಡೆಯಿರಿ. ಮುಂದಿನ ಸಲ ಒಂದೊಂದೇ ಫೈಲ್ ಅಳಿಸುವುದೇ ಬೇಡ. ಸ್ನ್ಯಾಪ್‌ಶಾಟ್ ಸಮೇತ ಡೇಟಾಸೆಟ್ಟನ್ನೇ ಡಿಸ್ಟ್ರಾಯ್ ಮಾಡಿದರೆ ಆಯಿತು, ಜಾಗ ಹಿಂದಿನಿಂದ ತಾನಾಗಿ ಬಿಡುಗಡೆ ಆಗುತ್ತಿರುತ್ತದೆ. ಒಳಗೆ ಬೇಕಾದದ್ದು ಒಂದೇ ಒಂದು ಫೈಲ್ ಇದ್ದರೂ ಅದೂ ಹೋಗುತ್ತದೆ ಅನ್ನುವುದು ನೆನಪಿರಲಿ.


ಅರೆಕಾಲಿಕ_ಅಡ್ಮಿನ್ ಬರೆದದ್ದು:

ಎಲ್‌ಸಾಫ್‌ನಲ್ಲಿ ಸಿಕ್ಕಿದ್ದು ನನ್ನದೇ ಇನ್ನೊಂದು ಟಿಮಕ್ಸ್ ಕಿಟಕಿ. ಯಾವತ್ತೋ ಒಂದು ಲಾಗ್ ಫೈಲಿಗೆ ಹೊಸ ಸಾಲು ಬಂದಂತೆ ತೋರಿಸುತ್ತಲೇ ಇರುವ ಟೇಲ್ -ಎಫ್ ಹಾಕಿ ಮರೆತಿದ್ದೆ. ನಿಲ್ಲಿಸಿದೆ, ಫೋಲ್ಡರ್ ಹೋಯಿತು.

ಸ್ನ್ಯಾಪ್‌ಶಾಟ್ 7 ದಿನ ಇಡುತ್ತಾರಂತೆ. ಸರ್ವರ್ ಝಡ್‌ಎಫ್‌ಎಸ್ಸೇ. ಹೊಸ ಡೇಟಾಸೆಟ್‌ಗೆ ಬರೆದು ಹಾಕಿದ್ದೇನೆ. ಸಿಮ್ಯುಲೇಷನ್ ಬರೆದ ಗೆಳೆಯನ ಹತ್ತಿರವೂ ಮಾತಾಡಿದೆ, ಹೆಜ್ಜೆಗೊಂದು ಫೈಲ್ ಬದಲು ಸಾವಿರ ಹೆಜ್ಜೆ ಸೇರಿಸಿ ಒಂದೇ ಫೈಲ್ ಬರೆಯಲಾಗುತ್ತದಾ ಅಂತ. 'ಆಗುತ್ತಪ್ಪ, ನಾಲ್ಕು ಸಾಲು ಬದಲಿಸಿದರೆ ಸಾಕು, ಯಾರೂ ಕೇಳಿರಲಿಲ್ಲ' ಅಂದ.