ಡಿಜಿಟಲ್ ರೇಡಿಯೊ ಈಗಲೇ ಕೊಳ್ಳಬೇಕೆ, ಕಾಯಬೇಕೆ?

ಪ್ರಶ್ನೆ (ಮಲ್ಲೇಶ್ವರದ ಕೇಳುಗ):

ನಮ್ಮ ತಂದೆಯವರಿಗೆ ಎಂಬತ್ತು ದಾಟಿದೆ. ಬೆಳಗಿನ ಚಿಂತನ ಮತ್ತು ಪ್ರದೇಶ ಸಮಾಚಾರಕ್ಕಾಗಿ ಅವರು ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಕೇಂದ್ರವನ್ನು ತಪ್ಪದೆ ಹಾಕುತ್ತಾರೆ. ಆದರೆ ಮನೆಗೆ ಎಲ್‌ಇಡಿ ದೀಪಗಳೂ ಯುಪಿಎಸ್ಸೂ ಬಂದ ಮೇಲೆ ಗೊರಗೊರ ಸದ್ದಿನ ನಡುವೆ ಮಾತು ಕೇಳಿಸುವುದೇ ಕಷ್ಟವಾಗಿದೆ. ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯ ರೇಡಿಯೊ ಕೊಡಿಸಬೇಕೆಂದಿದ್ದೇನೆ. ಎಫ್‌ಎಂ ಕೂಡ ಡಿಜಿಟಲ್ ಆಗಲಿದೆ ಎನ್ನುತ್ತಾರೆ. ಇಂದು ಕೊಂಡದ್ದು ಅಂದು ನಿರುಪಯೋಗವಾದರೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ತಂತ್ರಜ್ಞ, ಧಾರವಾಡ):

ಸರ್, ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಆಕಾಶವಾಣಿಯು ನಿಮ್ಮ 612ರಂಥ ಮಧ್ಯಮ ತರಂಗದ ಕೇಂದ್ರಗಳಿಗೆ ಡಿಆರ್‌ಎಂ ಪದ್ಧತಿಯನ್ನು ಆರಿಸಿಕೊಂಡು ವರ್ಷಗಳೇ ಆಗಿವೆ. ಹಲವು ಕೇಂದ್ರಗಳಲ್ಲಿ ಹಳೆಯ ಅನಲಾಗ್ ಪ್ರಸಾರದ ಪಕ್ಕದಲ್ಲೇ ಡಿಜಿಟಲ್ ಸಂಕೇತವೂ ಹೊರಡುತ್ತದೆ. ಖಾಸಗಿ ಎಫ್‌ಎಂ ವಿಚಾರ ಹಾಗಲ್ಲ. ದೇಶಕ್ಕೆಲ್ಲ ಒಂದೇ ಡಿಜಿಟಲ್ ತಂತ್ರಜ್ಞಾನವಿರಲಿ, ಅನಲಾಗ್ ಪ್ರಸಾರವೂ ಜೊತೆಗೇ ನಡೆಯಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಆ ತಂತ್ರಜ್ಞಾನ ಯಾವುದೆಂಬ ಆಯ್ಕೆಯನ್ನು ಸರ್ಕಾರಕ್ಕೆ ಬಿಟ್ಟಿತು. ಆದ್ದರಿಂದ ಮುಂದೆ ಬರಲಿರುವ ಎಫ್‌ಎಂಗಾಗಿ ಇಂದು ಹಣ ಹಾಕಬೇಡಿ.

ಕೊಳ್ಳುವಾಗ ನೋಡಬೇಕಾದ ಮುಖ್ಯ ಅಂಶ ಕೋಡೆಕ್, ಅಂದರೆ ಧ್ವನಿಯನ್ನು ಸಂಕೋಚಿಸಿ ಮತ್ತೆ ಬಿಡಿಸುವ ವಿಧಾನ. ಡಿಆರ್‌ಎಂ ಮೊದಲು ಎಚ್‌ಇ-ಎಎಸಿ ಎಂಬ ಧ್ವನಿಸಂಕೋಚನ ವಿಧಾನವನ್ನು ಬಳಸುತ್ತಿತ್ತು. ನಂತರ ಕಡಿಮೆ ಬಿಟ್‌ಗಳಲ್ಲೂ ಮಾತನ್ನು ಸ್ಪಷ್ಟವಾಗಿ ಒಯ್ಯುವ ಎಕ್ಸ್‌ಎಚ್‌ಇ-ಎಎಸಿ ಬಂದಿತು. ಹೊಸದನ್ನು ಅರಿಯದ ಹಳೆಯ ಪೆಟ್ಟಿಗೆಯ ಪರದೆಯ ಮೇಲೆ ಕೇಂದ್ರದ ಹೆಸರು ಮೂಡಿದರೂ ಧ್ವನಿ ಬಾರದು. ಅಗ್ಗಕ್ಕೆ ಸಿಕ್ಕಿತೆಂದು ಅಂಥದನ್ನು ಖಂಡಿತ ಕೊಳ್ಳಬೇಡಿ.

ಉತ್ತರ 2 (ಲಂಡನ್ ಕನ್ನಡಿಗ):

ಮೇಲಿನವರ ಮಾತಿಗೆ ನನ್ನ ಅನುಭವವೇ ಸಾಕ್ಷಿ. ಬ್ರಿಟನ್ನಿನಲ್ಲಿ ಬಿಬಿಸಿ 1995ರಲ್ಲೇ ಡಿಎಬಿ ಎಂಬ ಇನ್ನೊಂದು ಡಿಜಿಟಲ್ ಪದ್ಧತಿಯ ಪ್ರಸಾರ ಆರಂಭಿಸಿತ್ತು. ನಾನು 2005ರಲ್ಲಿ ದುಬಾರಿ ಬೆಲೆ ತೆತ್ತು ಒಂದು ಡಿಎಬಿ ರೇಡಿಯೊ ಕೊಂಡೆ. ಎರಡೇ ವರ್ಷಗಳಲ್ಲಿ ಡಿಎಬಿ ಪ್ಲಸ್ ಎಂಬ ಸುಧಾರಿತ ರೂಪ ಸಿದ್ಧವಾಯಿತು. 2016ರಿಂದ ರಾಷ್ಟ್ರಮಟ್ಟದ ಕೇಂದ್ರಗಳೂ ಅದರಲ್ಲಿ ಬರತೊಡಗಿದವು. ನನ್ನ ಪೆಟ್ಟಿಗೆಗೆ ಅವು ಕೇಳಿಸುವುದೇ ಇಲ್ಲ, ತಂತ್ರಾಂಶವನ್ನು ನವೀಕರಿಸುವ ದಾರಿಯನ್ನೂ ತಯಾರಕರು ಇಟ್ಟಿರಲಿಲ್ಲ. ಆದರೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ದಿನವೂ ಅದನ್ನು ಕೇಳಿದ್ದೇನೆ. ಕಾಯುತ್ತ ಕುಳಿತಿದ್ದರೆ ಅಷ್ಟೂ ಕಾಲ ಕಳೆದುಕೊಳ್ಳುತ್ತಿದ್ದೆ. ನಾರ್ವೆಯಲ್ಲಿ 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್‌ಎಂ ನಿಂತಿತು. ಇಲ್ಲಿ ಬ್ರಿಟನ್ನಿನಲ್ಲಿ ಇನ್ನೂ ನಡೆಯುತ್ತಿದೆ. ಒಂದು ದೇಶದ ವೇಳಾಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ತಂತ್ರಾಂಶ ನವೀಕರಣದ ಸೌಲಭ್ಯ ಇದೆಯೇ ಎಂದು ಮಾತ್ರ ಕೇಳಿ ಕೊಳ್ಳಿ.

ಉತ್ತರ 3 (ನಿವೃತ್ತ ತಂತ್ರಜ್ಞ, ಧಾರವಾಡ):

ಇನ್ನೊಂದು ಮಾತು ಸೇರಿಸುತ್ತೇನೆ. ಡಿಜಿಟಲ್ ಸಂಕೇತ ಸಾಕಷ್ಟು ಬಲವಾಗಿದ್ದರೆ ಸದ್ದಿಲ್ಲದೆ ಕೇಳಿಸುತ್ತದೆ, ಒಂದು ಮಿತಿಗಿಂತ ಕುಗ್ಗಿದರೆ ಪೂರ್ತಿ ಮೌನವಾಗುತ್ತದೆ. ಅನಲಾಗ್‌ನಂತೆ ಗೊರಗೊರದ ನಡುವೆಯಾದರೂ ಒಂದಿಷ್ಟು ಕಿವಿಗೆ ಬೀಳುವುದಿಲ್ಲ. ನಿಮ್ಮ ಮನೆಯ ಯುಪಿಎಸ್ ಹೊರಸೂಸುವ ಅಡಚಣೆ ಡಿಆರ್‌ಎಂ ಅನ್ನೂ ಕಾಡಬಹುದು. ಆದ್ದರಿಂದ ಹಿಂತಿರುಗಿಸುವ ಅವಕಾಶವಿರುವ ಕಡೆ ಕೊಂಡು, ತಂದೆಯವರು ಕೂರುವ ಜಾಗದಲ್ಲೇ, ಅವರು ಕೇಳುವ ಬೆಳಗಿನ ಹೊತ್ತಿನಲ್ಲೇ, ದೀಪಗಳನ್ನು ಹಾಕಿಟ್ಟು ಒಂದು ವಾರ ಪರೀಕ್ಷಿಸಿ. ಅಲ್ಲಿ ಸ್ಪಷ್ಟವಾಗಿ ಬಂದರೆ ಇಂದೇ ಇಟ್ಟುಕೊಳ್ಳಿ. ಎಂಬತ್ತು ದಾಟಿದ ಹಿರಿಯರನ್ನು ಎಫ್‌ಎಂ ತೀರ್ಮಾನ ಬರುವವರೆಗೆ ಕಾಯಿಸಬೇಡಿ.